ಸಾವಿರ ಚಿತ್ರ ಕೂಡಿಟ್ಟರೂ ಗೋಡೆ ಯಾಕೆ ಒಪ್ಪುತ್ತಿಲ್ಲ?

ಪ್ರಶ್ನೆ: ನಾವು ಬಾಡಿಗೆ ಮನೆಯಲ್ಲಿದ್ದೇವೆ. ಮನೆಯನ್ನು ಅಂದವಾಗಿ ಇಟ್ಟುಕೊಳ್ಳಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇದೆ. ಚಂದದ ಕೋಣೆಗಳ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಮೊಬೈಲ್‌ನಲ್ಲಿ ಕೂಡಿಟ್ಟಿದ್ದೇನೆ. ಅವನ್ನು ನೋಡಿಕೊಂಡು ಏನೇ ಮಾಡಿದರೂ ನಮ್ಮ ಹಾಲ್ ಹಾಗೆ ಕಾಣುವುದಿಲ್ಲ. ಸೋಫಾದ ಮೇಲಿನ ದೊಡ್ಡ ಗೋಡೆಗೆಂದು ತಂದ ಪ್ರಿಂಟ್ ಲಕೋಟೆಯ ಮೇಲೆ ಅಂಚೆಚೀಟಿ ಅಂಟಿಸಿದಂತೆ ಕಾಣುತ್ತದೆ. ಅಂಗಡಿಯಲ್ಲಿ ನೋಡಿ ಮೆಚ್ಚಿದ ಇಟ್ಟಿಗೆಗೆಂಪು ಕುಶನ್‌ಗಳು ಮನೆಯಲ್ಲಿ ಸಂಜೆ ದೀಪ ಹಾಕಿದರೆ ಮಂಕಾಗಿ ಕಂದು ಬಣ್ಣಕ್ಕೆ ತಿರುಗುತ್ತವೆ. ಋತು ಬದಲಾದಾಗ, ಹಬ್ಬ ಬಂದಾಗ ಏನಾದರೂ ಹೊಸದು ಕೊಳ್ಳುತ್ತೇನೆ. ಅಟ್ಟದ ಮೇಲೆ ಮೂರು ಪೆಟ್ಟಿಗೆ ತುಂಬಿವೆ. ‘ನಾಲ್ಕನೆಯದು ಬಂದರೆ ಅಟ್ಟದಲ್ಲಿ ನಾನಿರುತ್ತೇನೆ, ಪೆಟ್ಟಿಗೆ ಕೆಳಗಿರಲಿ’ ಎನ್ನುತ್ತಾರೆ ನಮ್ಮ ಯಜಮಾನರು. ಮೊದಲೇ ಇದ್ದ ಎರಡು ಮೊಳೆ ಬಿಟ್ಟು ಹೊಸ ಮೊಳೆ ಹೊಡೆಯಲು ಮನೆ ಮಾಲೀಕರು ಒಪ್ಪುವುದಿಲ್ಲ. ಹೊಸ ಹೊಸ ಕಲ್ಪನೆಗಳನ್ನು ಎಲ್ಲಿ ಹುಡುಕಬೇಕು? ಅಥವಾ ನನಗೆ ಅಭಿರುಚಿಯೇ ಇಲ್ಲವೇ? ಇನ್ನೊಂದು ಸಣ್ಣ ವಿಷಯ: ನಮ್ಮ ಅತ್ತೆ ಬರೆದ ಒಂದು ಜಲವರ್ಣ ಚಿತ್ರ ಕಿಟಕಿಯ ಎದುರಿನ ಗೋಡೆಯಲ್ಲಿದೆ. ಈಚೆಗೆ ಬಣ್ಣ ಮಾಸಿದೆ, ಅಂಚಿನ ಸುತ್ತ ಕಂದು ಗೆರೆ ಬಂದಿದೆ. ಒರೆಸಿದರೆ ಸರಿಹೋಗುತ್ತದೆಯೇ?

ಹೆಸರು ಬೇಡ

ಉತ್ತರ: ಸಣ್ಣ ವಿಷಯ ಎಂದು ನೀವು ಕೊನೆಗೆ ಬರೆದದ್ದನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಉಳಿದ ಯಾವುದಕ್ಕೂ ಅವಸರವಿಲ್ಲ, ಇದಕ್ಕೆ ಇದೆ. ನಿಮ್ಮ ಅತ್ತೆಯವರ ಚಿತ್ರವನ್ನು ಇವತ್ತೇ ಆ ಗೋಡೆಯಿಂದ ಇಳಿಸಿ. ದಯವಿಟ್ಟು ಒರೆಸಬೇಡಿ. ಜಲವರ್ಣವೆಂದರೆ ಕಾಗದದ ಮೇಲೆ ಕುಳಿತಿರುವ, ನೀರು ತಗುಲಿದರೆ ಮತ್ತೆ ಕರಗುವ ಬಣ್ಣ. ಒದ್ದೆ ಬಟ್ಟೆ ಮುಟ್ಟಿಸಿದರೆ ಚಿತ್ರ ಬಟ್ಟೆಗೆ ಬಂದುಬಿಡುತ್ತದೆ. ಮೇಲಿನ ಗಾಜನ್ನು ಒರೆಸುವಾಗಲೂ ದ್ರವವನ್ನು ಬಟ್ಟೆಗೆ ಹಾಕಿಕೊಳ್ಳಿ. ಗಾಜಿಗೇ ಸಿಂಪಡಿಸಿದರೆ ಅದು ಅಂಚಿನಿಂದ ಒಳಗಿಳಿದು ಕಾಗದಕ್ಕೆ ಸೇರುತ್ತದೆ.

ಬಣ್ಣ ಮಾಸಿರುವುದು ಧೂಳಿನಿಂದಲ್ಲ, ಬೆಳಕಿನಿಂದ. ಕಟ್ಟು ಹಾಕುವವರ ಬಳಿ ಒಯ್ದು ಚೌಕಟ್ಟು ಬಿಚ್ಚಿಸಿದಾಗ ನಿಮಗೇ ಗೊತ್ತಾಗುತ್ತದೆ. ಚಿತ್ರದ ಸುತ್ತ ಇರುವ ದಪ್ಪ ರಟ್ಟನ್ನು, ನಾವು ಮೌಂಟ್ ಎನ್ನುವುದನ್ನು, ಮೆಲ್ಲಗೆ ಎತ್ತಿ ಅದರ ಅಡಿ ಅಡಗಿದ್ದ ಅರ್ಧ ಬೆರಳಿನಗಲದ ಪಟ್ಟಿಯನ್ನು ನೋಡಿ. ಅಲ್ಲಿ ಆಕಾಶ ಇನ್ನೂ ನೀಲಿಯಾಗಿರುತ್ತದೆ. ಒಂದು ಕೂದಲೆಳೆ ಈಚೆಗೆ ಅದೇ ಆಕಾಶ ಬೂದಿ ಬಣ್ಣದ್ದು. ಇಂಥ ಪಟ್ಟಿಯನ್ನು ನಾನು ಎಷ್ಟೋ ಮನೆಯವರಿಗೆ ತೋರಿಸಿದ್ದೇನೆ. ಅದನ್ನು ನೋಡಿದ ಮೇಲೆ ಯಾರಿಗೂ ಹೆಚ್ಚು ವಿವರಿಸಬೇಕಾಗಿ ಬಂದಿಲ್ಲ. ಹೋದ ಬಣ್ಣ ಮರಳಿ ಬರುವುದಿಲ್ಲ, ಅದಕ್ಕೆ ಯಾವ ಔಷಧಿಯೂ ಇಲ್ಲ. ಆದರೆ ಇಲ್ಲಿಗೆ ನಿಲ್ಲಿಸಬಹುದು.

ವಸ್ತುಸಂಗ್ರಹಾಲಯಗಳು ಜಲವರ್ಣ, ರೇಖಾಚಿತ್ರ, ಬಟ್ಟೆ ಇಂಥವುಗಳ ಮೇಲೆ ಸುಮಾರು 50 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಮಾತ್ರ ಬೀಳುವಂತೆ ನೋಡಿಕೊಳ್ಳುತ್ತವೆ. ತೈಲವರ್ಣಕ್ಕೆ ಸುಮಾರು 200 ಲಕ್ಸ್ ವರೆಗೆ ಬಿಡುತ್ತಾರೆ. ನೇರ ಬಿಸಿಲು 1,00,000 ಲಕ್ಸ್ ವರೆಗೂ ಹೋಗುತ್ತದೆ. ಬೆಳಕಿನ ಪೆಟ್ಟು ಕೂಡುತ್ತಾ ಹೋಗುವಂಥದ್ದು. 100 ಲಕ್ಸ್‌ನಲ್ಲಿ ಒಂದು ದಿನ ಇಟ್ಟರೂ ಒಂದೇ, 50 ಲಕ್ಸ್‌ನಲ್ಲಿ ಎರಡು ದಿನ ಇಟ್ಟರೂ ಒಂದೇ. ‘ಅತಿನೇರಳೆ ಕಿರಣ ತಡೆಯುವ ಗಾಜು ಹಾಕಿಸಿದರೆ ಸಾಕು, ಎಲ್ಲಿ ಬೇಕಾದರೂ ತೂಗುಹಾಕಬಹುದು’ ಎನ್ನುವವರಿದ್ದಾರೆ. ಅದು ಅರ್ಧ ನಿಜ. ಒಳ್ಳೆಯ ಗಾಜು ಆ ಕಿರಣಗಳಲ್ಲಿ 99 ಶೇಕಡಾವರೆಗೆ ತಡೆಯುತ್ತದೆ, ಹಾನಿಯ ವೇಗವನ್ನು ತಗ್ಗಿಸುತ್ತದೆ. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ತಿನ್ನುತ್ತದೆ. ಆದ್ದರಿಂದ ಗಾಜನ್ನೂ ಹಾಕಿಸಿ, ಜಾಗವನ್ನೂ ಬದಲಿಸಿ. ಸೂರ್ಯನ ದಾರಿ ಋತುವಿನೊಂದಿಗೆ ಸರಿಯುತ್ತದೆ ಎಂಬುದನ್ನು ಮರೆಯಬೇಡಿ. ಚಿತ್ರ ತೂಗುಹಾಕಿದ ತಿಂಗಳಲ್ಲಿ ನೆರಳಿದ್ದ ಗೋಡೆಗೆ ನಾಲ್ಕೈದು ತಿಂಗಳು ಕಳೆದು ಮಧ್ಯಾಹ್ನದ ಬಿಸಿಲು ನೇರವಾಗಿ ಬಡಿಯುತ್ತಿರಬಹುದು.

ಕಂದು ಗೆರೆಯ ಕಾರಣ ಬೇರೆ. ಅಗ್ಗದ ಮೌಂಟ್ ರಟ್ಟು ಮರದ ತಿರುಳಿನಿಂದ ಮಾಡಿದ್ದು. ಅದರಲ್ಲಿರುವ, ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಎಂಬ ಪದಾರ್ಥ ವರ್ಷಗಳು ಕಳೆದಂತೆ ಆಮ್ಲವಾಗಿ ಒಡೆದು ಪಕ್ಕದ ಕಾಗದವನ್ನು ಸುಡುತ್ತದೆ. ರಟ್ಟನ್ನು ಕತ್ತರಿಸಿದ ಅಂಚು ಎಲ್ಲಿ ಕಾಗದಕ್ಕೆ ತಾಗಿದೆಯೋ ಅಲ್ಲಿಯೇ ಗೆರೆ ಮೂಡುತ್ತದೆ. ಆಮ್ಲರಹಿತ ಮೌಂಟ್, ಹಿಂಬದಿಗೂ ಆಮ್ಲರಹಿತ ರಟ್ಟು ಎಂದು ಕೇಳಿ ಹಾಕಿಸಿ. ಚಿತ್ರವನ್ನು ಗೋಂದಿನಿಂದಾಗಲಿ ಸೆಲ್ಲೋಟೇಪ್‌ನಿಂದಾಗಲಿ ರಟ್ಟಿಗೆ ಅಂಟಿಸಬಾರದು ಎಂದು ಎದುರಿಗೇ ನಿಂತು ಹೇಳಿ. ಗೆರೆಯನ್ನು ತೆಗೆಸಲೇಬೇಕೆಂದಿದ್ದರೆ ಅದು ಕಾಗದದ ಸಂರಕ್ಷಣೆಯಲ್ಲಿ ತರಬೇತಿ ಪಡೆದವರ ಕೆಲಸ. ಕಟ್ಟು ಹಾಕುವವರು ‘ನಾವೇ ಮಾಡಿಕೊಡುತ್ತೇವೆ’ ಎಂದರೂ ಕೊಡಬೇಡಿ.

ಹೊಸ ಕಟ್ಟು ಹಾಕಿಸುವ ಮೊದಲು ಚಿತ್ರವನ್ನು ಒಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಿ. ವರ್ಷದಲ್ಲಿ ಕೆಲವು ತಿಂಗಳು ಮೂಲ ಚಿತ್ರ ಗೋಡೆಯ ಮೇಲಿರಲಿ, ಉಳಿದ ತಿಂಗಳು ಕತ್ತಲಿನಲ್ಲಿ, ಬೀರುವಿನೊಳಗೆ ಮಲಗಿರಲಿ. ಸಂಗ್ರಹಾಲಯಗಳು ಮಾಡುವುದು ಇದನ್ನೇ. ಕಾಗದದ ಕೃತಿಗಳನ್ನು ಕೆಲವೇ ತಿಂಗಳು ತೋರಿಸಿ ಒಳಗಿಡುತ್ತಾರೆ, ಆ ಜಾಗಕ್ಕೆ ಬೇರೆಯದನ್ನು ತರುತ್ತಾರೆ. ಈ ಪದ್ಧತಿಯನ್ನು ಗಮನದಲ್ಲಿಟ್ಟುಕೊಳ್ಳಿ. ನಿಮ್ಮ ಅಟ್ಟದ ಪೆಟ್ಟಿಗೆಗಳ ಪ್ರಶ್ನೆಗೂ ನನ್ನ ಉತ್ತರ ಇದರಲ್ಲಿಯೇ ಇದೆ.

ಇನ್ನು ಅಭಿರುಚಿಯ ಮಾತು. ಅಭಿರುಚಿ ಇಲ್ಲದವರು ಚಿತ್ರಗಳನ್ನು ಕೂಡಿಡುವುದಿಲ್ಲ, ಸಂಜೆಯ ಹೊತ್ತು ಕುಶನ್‌ನ ಬಣ್ಣ ಕೆಟ್ಟದ್ದನ್ನು ಗಮನಿಸುವುದೂ ಇಲ್ಲ. ನಿಮಗೆ ಕಲ್ಪನೆಗಳ ಕೊರತೆಯಿದೆ ಎಂದೂ ನನಗೆ ಅನಿಸುವುದಿಲ್ಲ. ನೀವು ಕೋಣೆಗಳನ್ನು ನೋಡುತ್ತಿಲ್ಲ, ಕೋಣೆಗಳ ಫೋಟೊಗಳನ್ನು ನೋಡುತ್ತಿದ್ದೀರಿ. ತೊಂದರೆ ಇರುವುದು ಅಲ್ಲಿ.

ನಾವು ಕೆಲಸ ಮುಗಿಸಿದ ಮನೆಯ ಫೋಟೊ ತೆಗೆಸುವ ದಿನ ಏನು ನಡೆಯುತ್ತದೆ ಎಂದು ಹೇಳುತ್ತೇನೆ. ಮೊದಲು ವೈರುಗಳು, ಕಸದ ಬುಟ್ಟಿ, ಚಾರ್ಜರ್, ಚಪ್ಪಲಿ, ರಿಮೋಟ್ ಎಲ್ಲವೂ ಪಕ್ಕದ ಕೋಣೆಗೆ ಹೋಗುತ್ತವೆ. ಸೋಫಾವನ್ನು ಕ್ಯಾಮೆರಾಕ್ಕೆ ಸರಿಹೊಂದುವ ಕಡೆಗೆ ಎಳೆಯುತ್ತೇವೆ, ನಡೆದಾಡಲು ಜಾಗ ಉಳಿಯಿತೇ ಎಂದು ಯಾರೂ ಕೇಳುವುದಿಲ್ಲ. ಅಗಲ ಕೋನದ ಲೆನ್ಸ್ ಹಾಕಿದರೆ ಎದುರಿನ ಗೋಡೆ ಎರಡು ಹೆಜ್ಜೆ ಹಿಂದೆ ಸರಿದಂತೆ ಕಾಣುತ್ತದೆ. ಕ್ಯಾಮೆರಾವನ್ನು ಕಣ್ಣಿನ ಮಟ್ಟದಲ್ಲಲ್ಲ, ಸೊಂಟದ ಎತ್ತರದಲ್ಲಿ ನಿಲ್ಲಿಸುತ್ತಾರೆ. ಒಂದೇ ನೋಟವನ್ನು ಬೇರೆ ಬೇರೆ ಬೆಳಕಿನ ಅಳತೆಯಲ್ಲಿ ಹಲವು ಸಲ ತೆಗೆದು ಕಂಪ್ಯೂಟರ್‌ನಲ್ಲಿ ಬೆಸೆಯುತ್ತಾರೆ. ಹಾಗಾಗಿ ಕಿಟಕಿಯ ಹೊರಗಿನ ಮರವೂ ಮೂಲೆಯ ನೆರಳೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತವೆ. ನಮ್ಮ ಕಣ್ಣು ಒಂದೇ ನೋಟಕ್ಕೆ ಅದನ್ನು ಹಾಗೆ ಕಾಣುವುದು ಕಷ್ಟ. ಇದು ಮೋಸವಲ್ಲ, ವೃತ್ತಿಯ ರೀತಿ. ಆದರೆ ಆ ಫೋಟೊದ ಪಕ್ಕದಲ್ಲಿ ನಿಮ್ಮ ಹಾಲನ್ನು ಇಟ್ಟು ತೂಗಿದರೆ ಪ್ರತಿ ಸಲವೂ ಸೋಲುವುದು ನಿಮ್ಮ ಹಾಲೇ.

ಈಗ ಇನ್ನೊಂದು ಸೇರಿದೆ. ಹರಿದಾಡುವ ಚಿತ್ರಗಳಲ್ಲಿ ಎಷ್ಟೋ ಕಂಪ್ಯೂಟರ್ ತಾನಾಗಿ ಹೆಣೆದವು, ಅಂಥ ಕೋಣೆ ಎಲ್ಲಿಯೂ ಇಲ್ಲ. ಕಿಟಕಿ ಎಡಕ್ಕಿದ್ದು ನೆರಳೂ ಎಡಕ್ಕೇ ಬಿದ್ದಿದ್ದರೆ, ದೀಪಕ್ಕೆ ವೈರೇ ಇಲ್ಲದಿದ್ದರೆ, ಕುರ್ಚಿಯ ನಾಲ್ಕನೆಯ ಕಾಲು ನೆಲಹಾಸಿನಲ್ಲಿ ಕರಗಿಹೋಗಿದ್ದರೆ ಆ ಚಿತ್ರವನ್ನು ಅಳಿಸಿಬಿಡಿ. ಅದರ ಮೇಲೆ ಖರ್ಚು ಮಾಡಬೇಡಿ. ಮೊಬೈಲ್‌ನ ಇನ್ನೊಂದು ಗುಣವೂ ನಿಮಗೆ ಗೊತ್ತಿರಲಿ: ಯಾವ ಚಿತ್ರದ ಮುಂದೆ ನೀವು ಎರಡು ಕ್ಷಣ ಹೆಚ್ಚು ನಿಂತಿರೋ ಅದರಂಥದ್ದನ್ನೇ ಅದು ಮತ್ತೆ ಮತ್ತೆ ತಂದು ಸುರಿಯುತ್ತದೆ. ಸಾವಿರ ಚಿತ್ರ ಕೂಡಿಟ್ಟೆ ಎಂದುಕೊಂಡಿದ್ದೀರಿ. ಬಿಚ್ಚಿ ನೋಡಿದರೆ ಬಗೆಗಳು ಹತ್ತೋ ಹನ್ನೆರಡೋ ಇದ್ದಾವು.

ಹಾಗೆಂದು ಅವೆಲ್ಲ ದಂಡವಲ್ಲ. ಒಂದು ಸಂಜೆ ಕುಳಿತು ಇಪ್ಪತ್ತನ್ನು ಮಾತ್ರ ಉಳಿಸಿಕೊಳ್ಳಿ. ಪ್ರತಿಯೊಂದರ ಕೆಳಗೂ ‘ಇದರಲ್ಲಿ ನನ್ನನ್ನು ಎಳೆದದ್ದು ಏನು’ ಎಂದು ಒಂದು ಸಾಲು ಬರೆಯಿರಿ. ‘ಚೆನ್ನಾಗಿದೆ’ ಎಂದು ಬರೆಯುವ ಹಾಗಿಲ್ಲ. ಬರೆಯುತ್ತಾ ಹೋದಂತೆ ಒಂದೇ ಮಾತು ತಿರುತಿರುಗಿ ಬರುತ್ತದೆ. ಒಬ್ಬರಿಗೆ ಅದು ಪಕ್ಕದಿಂದ ಬೀಳುವ ಬೆಳಕು, ಇನ್ನೊಬ್ಬರಿಗೆ ಒರಟು ಬಟ್ಟೆ, ಮತ್ತೊಬ್ಬರಿಗೆ ಬರಿದಾಗಿ ಬಿಟ್ಟ ಗೋಡೆ. ಬರಿದಾದ ಗೋಡೆ ಇಷ್ಟ ಎಂದು ತಿಳಿಯದೆ ಅದನ್ನು ತುಂಬಿಸಲು ವರ್ಷಗಟ್ಟಲೆ ಸಾಮಾನು ಕೊಂಡವರನ್ನು ನಾನು ಬಲ್ಲೆ. ಆ ಒಂದು ಸಾಲು ಸಿಕ್ಕಿದರೆ ಅಂಗಡಿಯಲ್ಲಿ ಮುಕ್ಕಾಲು ಪಾಲು ವಸ್ತುಗಳ ಮುಂದೆ ನೀವು ನಿಲ್ಲುವುದೇ ಇಲ್ಲ.

ಬಳಿಕ ನಿಮ್ಮ ಹಾಲಿನದೇ ಫೋಟೊ ತೆಗೆಯಿರಿ, ಬೆಳಿಗ್ಗೆ ಒಂದು, ರಾತ್ರಿ ಒಂದು, ನೀವು ದಿನವೂ ಕೂರುವ ಜಾಗದಿಂದಲೇ. ಅವನ್ನು ಕಪ್ಪು ಬಿಳುಪಿಗೆ ತಿರುಗಿಸಿ ನೋಡಿ. ದಿನವೂ ನೋಡುವುದನ್ನು ಕಣ್ಣು ನೋಡುವುದನ್ನೇ ಬಿಟ್ಟಿರುತ್ತದೆ. ಬಣ್ಣ ತೆಗೆದುಹಾಕಿದರೆ ಎಲ್ಲಿ ಎಲ್ಲವೂ ಒಂದೇ ಬೂದಿಯಾಗಿದೆ, ಎಲ್ಲಿ ಸಾಮಾನು ಗುಂಪುಗೂಡಿದೆ ಎಂದು ಥಟ್ಟನೆ ಕಾಣುತ್ತದೆ.

ಎಲ್ಲಿ ಹುಡುಕಲಿ ಎಂದು ಕೇಳಿದ್ದೀರಿ. ಒಳಾಂಗಣದ ಫೋಟೊಗಳನ್ನು ಬಿಟ್ಟು ಬೇರೆಲ್ಲಿಯಾದರೂ ಹುಡುಕಿ ಎನ್ನುತ್ತೇನೆ. ಹಳೆಯ ಚಿತ್ರಕಲೆಯಿಂದ ಶುರುಮಾಡಿ. 17ನೇ ಶತಮಾನದ ಡಚ್ ಕಲಾವಿದರು, ಪೀಟರ್ ಡಿ ಹೋಖ್, ವರ್ಮೀರ್ ಮುಂತಾದವರು, ಮನೆಯೊಳಗಿನ ದೃಶ್ಯಗಳನ್ನು ಬರೆದಿದ್ದಾರೆ. ಪಕ್ಕದ ಕಿಟಕಿಯಿಂದ ಬರುವ ಬೆಳಕು, ಒಂದು ಮೇಜು, ಗೋಡೆಯ ಮೇಲೆ ಒಂದೇ ಒಂದು ಭೂಪಟ ಅಥವಾ ಚಿತ್ರ, ಸುತ್ತ ಬರಿ ಸುಣ್ಣದ ಗೋಡೆ. ಎಷ್ಟು ಕಡಿಮೆ ಸಾಮಾನಿನಲ್ಲಿ ಕೋಣೆಗೆ ಕಳೆ ಬರುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಇವುಗಳಿಗಾಗಿ ಊರೂರು ಅಲೆಯಬೇಕಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ, ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್, 2017ರಿಂದ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ, 2020ರಿಂದ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ತಮ್ಮ ಸಂಗ್ರಹದ ಅಪಾರ ಚಿತ್ರಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ತೆರೆದಿಟ್ಟಿವೆ. ಅಲ್ಲಿ ಬರಿ ತೈಲಚಿತ್ರಗಳಿಲ್ಲ. ಸಸ್ಯಗಳ ರೇಖಾಚಿತ್ರಗಳಿವೆ, ಬಟ್ಟೆಯ ವಿನ್ಯಾಸಗಳಿವೆ, ಮರದಚ್ಚಿನ ಮುದ್ರಣಗಳಿವೆ. ಋತುವಿನ ಅಲಂಕಾರಕ್ಕಂತೂ ಸಸ್ಯಗಳ ಚಿತ್ರದಷ್ಟು ಒದಗುವುದು ಇನ್ನೊಂದಿಲ್ಲ.

ಹೀಗೆ ಇಳಿಸಿಕೊಂಡದ್ದನ್ನು ಮುದ್ರಿಸುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಒಂದು, ಆ ಕೃತಿ ‘ಸಾರ್ವಜನಿಕ ಸ್ವತ್ತು’, ಅಂದರೆ ಯಾರ ಹಕ್ಕುಸ್ವಾಮ್ಯವೂ ಇಲ್ಲದ್ದು, ಎಂದು ಸಂಸ್ಥೆಯೇ ಗುರುತು ಹಾಕಿದೆಯೇ ಎಂದು. ಹೆಚ್ಚಿನ ದೇಶಗಳಲ್ಲಿ ಕಲಾವಿದರು ತೀರಿಕೊಂಡ ಮೇಲೂ 50ರಿಂದ 70 ವರ್ಷ ಹಕ್ಕುಸ್ವಾಮ್ಯ ಇರುತ್ತದೆ; ಅಂತರ್ಜಾಲದಲ್ಲಿ ಸಿಕ್ಕಿದ್ದೆಲ್ಲ ಉಚಿತವಲ್ಲ. ಎರಡು, ಅಳತೆ. ಹತ್ತಿರದಿಂದ ನೋಡುವ ಮುದ್ರಣಕ್ಕೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕು. 6000 ಪಿಕ್ಸೆಲ್ ಅಗಲದ ಚಿತ್ರ ಆ ಲೆಕ್ಕದಲ್ಲಿ 20 ಅಂಗುಲಕ್ಕೆ ಸಾಲುತ್ತದೆ. ಸೋಫಾದ ಮೇಲಿರುವಂಥ, ದೂರದಿಂದ ನೋಡುವ ಚಿತ್ರಕ್ಕೆ 150 ಸಾಕು, ಅಂದರೆ ಅದೇ ಚಿತ್ರ 40 ಅಂಗುಲಕ್ಕೆ ಬಂತು. ಬಣ್ಣದ ನುಣ್ಣನೆಯ ಪುಡಿ ಬೆರೆಸಿದ ಪಿಗ್ಮೆಂಟ್ ಶಾಯಿಯಲ್ಲಿ, ಆಮ್ಲರಹಿತ ಕಾಗದದ ಮೇಲೆ ಮುದ್ರಿಸಿಕೊಡಲು ಹೇಳಿ. ಬಣ್ಣವನ್ನು ಕರಗಿಸಿ ಮಾಡಿದ ಡೈ ಶಾಯಿ ಬೆಲೆಯಲ್ಲಿ ಅಗ್ಗ, ಬೇಗ ಮಾಸುತ್ತದೆ.

ಮುದ್ರಿತ ಪ್ರತಿಯೇ ಯಾಕೆ, ಮೂಲ ಕೃತಿ ಕೊಳ್ಳಬಾರದೇ ಎಂದರೆ ಕೊಳ್ಳಬಹುದು. ಕಲಾಶಾಲೆಗಳ ವಿದ್ಯಾರ್ಥಿಗಳ ಪ್ರದರ್ಶನಗಳಲ್ಲಿ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಎಚ್ಚಿಂಗ್, ಲಿಥೊಗ್ರಾಫ್‌ನಂಥ ಅಚ್ಚುಚಿತ್ರಗಳ ಕೆಳಗೆ ಪೆನ್ಸಿಲ್‌ನಲ್ಲಿ 12/50 ಎಂದಿದ್ದರೆ, ಒಟ್ಟು ಐವತ್ತು ಪ್ರತಿಗಳಲ್ಲಿ ಇದು ಹನ್ನೆರಡನೆಯದು ಎಂದು. ಪೋಸ್ಟರ್‌ಗೆ ಸಹಿ ಹಾಕಿ ‘ಸೀಮಿತ ಆವೃತ್ತಿ’ ಎಂದು ಮಾರುವವರೂ ಇದ್ದಾರೆ. ಎಷ್ಟು ಪ್ರತಿ, ಯಾರು ಮುದ್ರಿಸಿದರು, ಇನ್ನೊಂದು ಅಳತೆಯಲ್ಲಿ ಮತ್ತೆ ಮುದ್ರಿಸುತ್ತಾರೆಯೇ ಎಂದು ಕೇಳಿ. ‘ಮುಂದೆ ಬೆಲೆ ಏರುತ್ತದೆ’ ಎಂಬ ಮಾತಿಗೆ ಮಾತ್ರ ಕಿವಿಗೊಡಬೇಡಿ. ಆ ಆಸೆಯಿಂದ ಕೊಂಡ ಚಿತ್ರವನ್ನು ಪ್ರೀತಿಯಿಂದ ನೋಡಿದವರನ್ನು ನಾನು ಕಂಡಿಲ್ಲ.

ಈಗ ನಿಮ್ಮ ಅಂಚೆಚೀಟಿಯ ಮಾತಿಗೆ ಬರೋಣ. ಸೋಫಾದ ಮೇಲಿನ ಚಿತ್ರ ಅಥವಾ ಚಿತ್ರಗಳ ಗುಂಪು ಸೋಫಾದ ಅಗಲದ ಮೂರರಲ್ಲಿ ಎರಡು ಪಾಲು ಇದ್ದರೆ ಕಣ್ಣಿಗೆ ಹಿತ. ಸೋಫಾ 200 ಸೆಂಟಿಮೀಟರ್ ಎಂದುಕೊಂಡರೆ ಸುಮಾರು 130 ಸೆಂಟಿಮೀಟರ್. ಎ3 ಕಾಗದದ ಉದ್ದ 42 ಸೆಂಟಿಮೀಟರ್ ಮಾತ್ರ. ಅದನ್ನು ಅಲ್ಲಿ ಒಂಟಿಯಾಗಿ ತೂಗುಹಾಕಿದರೆ ಯಾವ ಕಲಾವಿದನೂ ಅದನ್ನು ಉಳಿಸಲಾರ. ‘ಸಣ್ಣ ಕೋಣೆಗೆ ಸಣ್ಣ ಚಿತ್ರ’ ಎಂಬುದು ನಾನು ಅತಿ ಹೆಚ್ಚು ಕೇಳುವ ತಪ್ಪು ಮಾತು. ಸಣ್ಣ ಕೋಣೆಯಲ್ಲಿ ಹತ್ತು ಸಣ್ಣ ಚೌಕಟ್ಟುಗಳು ನಲವತ್ತು ಅಂಚುಗಳನ್ನು ತರುತ್ತವೆ, ಗೋಡೆ ಚೂರುಚೂರಾಗುತ್ತದೆ. ಒಂದು ದೊಡ್ಡ ಚಿತ್ರ ಅದೇ ಗೋಡೆಯನ್ನು ಅಗಲವಾಗಿ ತೋರಿಸುತ್ತದೆ.

ಇರುವ ಪ್ರಿಂಟನ್ನು ಎಸೆಯಬೇಕಿಲ್ಲ. ಸುತ್ತ ಹತ್ತು ಹನ್ನೆರಡು ಸೆಂಟಿಮೀಟರ್ ಮೌಂಟ್ ಬಿಟ್ಟು ದೊಡ್ಡ ಕಟ್ಟು ಹಾಕಿಸಬಹುದು. ಜೊತೆಗೆ ಇನ್ನೆರಡು ಚಿತ್ರ ಸೇರಿಸಿ, ನಡುವೆ 5ರಿಂದ 8 ಸೆಂಟಿಮೀಟರ್ ಬಿಟ್ಟು ಒಂದೇ ಗುಂಪು ಮಾಡಬಹುದು. ಇಲ್ಲವೇ ಅದನ್ನು ಕೈಯಳತೆಯ ದೂರದಿಂದ ನೋಡುವ ಜಾಗಕ್ಕೆ, ಓದುವ ಮೇಜಿನ ಮೇಲೋ ಮನೆಯೊಳಗಿನ ಕಿರಿದಾದ ಓಣಿಗೋ ಒಯ್ಯಿರಿ. ಸಣ್ಣ ಚಿತ್ರಗಳ ಜಾಗ ಅದೇ. ಏನನ್ನು ಕೊಳ್ಳುವ ಮೊದಲೂ ಹಳೆಯ ಪತ್ರಿಕೆಯ ಹಾಳೆಗಳನ್ನು ಆ ಅಳತೆಗೆ ಕತ್ತರಿಸಿ, ಗೋಡೆಗೆ ಹಗುರವಾಗಿ ಅಂಟಿಸಿ ಎರಡು ಮೂರು ದಿನ ಬಿಡಿ. ಮೊದಲ ದಿನ ‘ಅಯ್ಯೋ ಎಷ್ಟು ದೊಡ್ಡದು’ ಅನಿಸುತ್ತದೆ. ಮೂರನೆಯ ದಿನಕ್ಕೆ ಇನ್ನೂ ಸ್ವಲ್ಪ ದೊಡ್ಡದಿದ್ದರೆ ಚೆನ್ನಾಗಿತ್ತು ಎನ್ನುತ್ತೀರಿ.

ಎತ್ತರದಲ್ಲಿಯೂ ಬಹಳ ಮಂದಿ ತಪ್ಪುತ್ತಾರೆ, ತೀರಾ ಮೇಲೆ ಹಾಕುತ್ತಾರೆ. ಗ್ಯಾಲರಿಗಳಲ್ಲಿ ಚಿತ್ರದ ನಡುಬಿಂದು ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಇರುತ್ತದೆ, ನಿಂತು ನೋಡುವವರ ಕಣ್ಣಿನ ಮಟ್ಟ. ಸೋಫಾದ ಮೇಲೆ ಆ ಲೆಕ್ಕ ಬಿಟ್ಟು, ಸೋಫಾದ ಬೆನ್ನಿನಿಂದ 15ರಿಂದ 20 ಸೆಂಟಿಮೀಟರ್ ಮೇಲಕ್ಕೆ ಚೌಕಟ್ಟಿನ ತಳ ಬರಲಿ. ಅದಕ್ಕಿಂತ ಮೇಲೆ ಹೋದರೆ ಚಿತ್ರಕ್ಕೂ ಸೋಫಾಕ್ಕೂ ಸಂಬಂಧ ಕಡಿದುಹೋಗುತ್ತದೆ. ಹಾಗೆಯೇ ‘ಗೋಡೆ ಬಿಳಿಯೇ ಇರಬೇಕು, ಚಿತ್ರಗಳು ದೂರ ದೂರ ಇರಬೇಕು’ ಎಂಬುದೂ ಶಾಸ್ತ್ರವಲ್ಲ. 18ನೇ ಶತಮಾನದಲ್ಲಿ ಪ್ಯಾರಿಸ್‌ನ ಲೂವ್ರ್‌ನಲ್ಲಿ ನಡೆಯುತ್ತಿದ್ದ ಪ್ರದರ್ಶನಗಳಲ್ಲಿ ಚೌಕಟ್ಟಿಗೆ ಚೌಕಟ್ಟು ತಾಗಿಸಿ ಛಾವಣಿಯವರೆಗೂ ಚಿತ್ರಗಳನ್ನು ಹಾಕುತ್ತಿದ್ದರು. ಬಿಳಿ ಗೋಡೆಯಲ್ಲಿ ಒಂಟಿ ಚಿತ್ರವೆಂಬುದು ಬೇರೂರಿದ್ದು 20ನೇ ಶತಮಾನದ ಸಂಗ್ರಹಾಲಯಗಳಿಂದ. ಎರಡೂ ಅವರವರ ಕಾಲದ ರುಚಿ, ನಿಮಗೆ ಒಪ್ಪುವುದನ್ನು ತೆಗೆದುಕೊಳ್ಳಿ.

ಕುಶನ್‌ಗಳ ವಿಷಯದಲ್ಲಿ ಅಂಗಡಿಯವರನ್ನು ಬೈಯಬೇಡಿ, ಬಟ್ಟೆಯನ್ನೂ ಬೈಯಬೇಡಿ. ನಿಮ್ಮ ಹಾಲಿನ ಎಲ್‌ಇಡಿ ಬಲ್ಬನ್ನು ನೋಡಿ. ಬಲ್ಬಿನ ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಸಂಖ್ಯೆ ಇರುತ್ತದೆ, ಬಣ್ಣಗಳನ್ನು ಅದು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ. 100 ಎಂದರೆ ಪೂರ್ಣ. ಆದರೆ ಈ ಸಂಖ್ಯೆಯನ್ನು ಎಂಟು ತಿಳಿ ಬಣ್ಣಗಳ ಸರಾಸರಿಯಿಂದ ಲೆಕ್ಕ ಹಾಕುತ್ತಾರೆ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲ, ಅದು ಒಂಬತ್ತನೆಯದು, ಆರ್9 ಎಂಬ ಹೆಸರಿನಲ್ಲಿ ಬೇರೆಯೇ ನಿಲ್ಲುತ್ತದೆ. 80 ಸಿಆರ್‌ಐ ಇರುವ ಸಾಮಾನ್ಯ ಬಲ್ಬಿನಲ್ಲಿ ಈ ಆರ್9 ಸೊನ್ನೆಯ ಹತ್ತಿರವೂ ಇರಬಹುದು. ಅಂಥ ಬೆಳಕಿನಲ್ಲಿ ಕೆಂಪು ತೋರಿಸಲು ಬೇಕಾದ ಕಿರಣಗಳೇ ಕಡಿಮೆ; ಇಟ್ಟಿಗೆಗೆಂಪು ಕಂದಾಗದೆ ಇನ್ನೇನಾದೀತು? 90ಕ್ಕಿಂತ ಹೆಚ್ಚಿನ ಸಿಆರ್‌ಐ, ನಮೂದಿಸಿದ್ದರೆ 50ಕ್ಕಿಂತ ಹೆಚ್ಚಿನ ಆರ್9, ಮತ್ತು ಬೆಚ್ಚನೆಯ ಬೆಳಕಿಗೆ 2700ರಿಂದ 3000 ಕೆಲ್ವಿನ್ ಇರುವ ಬಲ್ಬನ್ನು ಒಂದು ಮೇಜುದೀಪಕ್ಕೆ ಹಾಕಿ ಕುಶನ್ ಪಕ್ಕದಲ್ಲಿಟ್ಟು ನೋಡಿ. ಹೊಸ ಕುಶನ್ ಕೊಳ್ಳುವ ಮಾತು ಅದಾದ ಮೇಲೆ. ಛಾವಣಿಯ ನಡುವಿನ ಒಂದೇ ಬಲ್ಬಿಗಿಂತ ಬೇರೆ ಬೇರೆ ಎತ್ತರದ ಎರಡು ಮೂರು ದೀಪಗಳು ಕೋಣೆಯನ್ನು ಹೆಚ್ಚು ಬದಲಿಸುತ್ತವೆ, ಅದೂ ಗೋಡೆಗೆ ಒಂದು ಮೊಳೆಯಿಲ್ಲದೆ.

ಬೆಳಕು ಸರಿಯಾದ ಮೇಲೂ ಒಪ್ಪದಿದ್ದರೆ ಪಕ್ಕದ ಬಣ್ಣವನ್ನು ಅನುಮಾನಿಸಿ. 19ನೇ ಶತಮಾನದಲ್ಲಿ ಪ್ಯಾರಿಸ್‌ನ ಗೊಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಮಿಷೆಲ್ ಯೂಜೀನ್ ಶೆವ್ರೋಲ್ ಎಂಬ ರಸಾಯನಶಾಸ್ತ್ರಜ್ಞ ಮುಖ್ಯಸ್ಥನಾಗಿದ್ದ. ಕಪ್ಪು ನೂಲು ಸಪ್ಪೆಯಾಗಿದೆ ಎಂಬ ದೂರು ಅವನಿಗೆ ಬಂತು. ಪರೀಕ್ಷಿಸಿ ನೋಡಿದರೆ ನೂಲಿನ ಬಣ್ಣದಲ್ಲಿ ದೋಷವಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳು ಕಪ್ಪಿನ ಕಸುವನ್ನು ಕದಿಯುತ್ತಿದ್ದವು. ನಿಮ್ಮ ಕುಶನ್‌ನದೂ ಅದೇ ಕಥೆ ಇರಬಹುದು. ಹೊಳೆಯುವ ಕೆಂಪೋ ಕಿತ್ತಳೆಯೋ ಪಕ್ಕದಲ್ಲಿದ್ದರೆ ಇಟ್ಟಿಗೆಗೆಂಪು ಸೋಲುತ್ತದೆ, ಹಸಿರು ಮಿಶ್ರಿತ ಬೂದಿಯ ಪಕ್ಕದಲ್ಲಿ ಅದೇ ಕೆಂಪು ಎದ್ದು ಕಾಣುತ್ತದೆ. ಚಿತ್ರದ ಬಣ್ಣ ಕುಶನ್‌ಗೆ ಹೊಂದಲೇಬೇಕು ಎಂದು ಹಟ ಹಿಡಿಯುವವರಿಗೆ ನಾನು ಹೇಳುವುದಿಷ್ಟೇ: ಕುಶನ್ ಎರಡು ವರ್ಷಕ್ಕೆ ಹರಿಯುತ್ತದೆ, ಚಿತ್ರವನ್ನು ಮೊದಲು ಆರಿಸಿ.

ಇನ್ನು ಅಟ್ಟ. ಋತುವಿಗೆ ತಕ್ಕ ಅಲಂಕಾರ ಎಂದರೆ ಇರುವುದರ ಮೇಲೆ ಇನ್ನಷ್ಟು ಹೇರುವುದು ಎಂದು ಅನೇಕರು ತಿಳಿದಿದ್ದಾರೆ. ಕೋಣೆ ಹಳತಾಗಿ ಕಾಣುವುದು ವಸ್ತುಗಳು ಕಡಿಮೆಯಾದದ್ದಕ್ಕಲ್ಲ, ಕಣ್ಣಿಗೆ ಅವು ರೂಢಿಯಾದದ್ದಕ್ಕೆ. ಸಂಗ್ರಹಾಲಯದವರಂತೆ ಸರದಿ ಹಾಕಿ. ಹಾಲಿನಲ್ಲಿ ಮೂರೇ ಜಾಗಗಳನ್ನು ಗೊತ್ತುಮಾಡಿ, ಉದಾಹರಣೆಗೆ ಒಂದು ಗೋಡೆ, ಒಂದು ಮೇಜಿನ ಮೇಲ್ಮೈ, ಸೋಫಾದ ಬಟ್ಟೆ. ಬದಲಾವಣೆ ಅಲ್ಲಿ ಮಾತ್ರ. ಒಂದು ಬಂದರೆ ಒಂದು ಒಳಗೆ ಹೋಗಬೇಕು. ಬಿಸಿಲು ಹೆಚ್ಚಿರುವ ತಿಂಗಳುಗಳಲ್ಲಿ ತೆಳು ಬಟ್ಟೆ, ಬರಿದಾದ ಮೇಜು; ಬೆಳಕು ಕಡಿಮೆಯಾದಾಗ ದಪ್ಪ ನೇಯ್ಗೆ, ಇನ್ನೊಂದು ದೀಪ. ಮೇಜಿನ ಮೇಲೆ ಆಯಾ ಕಾಲದಲ್ಲಿ ಸುತ್ತಮುತ್ತ ಸಿಗುವ ಒಂದು ಕೊಂಬೆಯೋ ಒಣಹುಲ್ಲಿನ ಗೊಂಚಲೋ ಸಾಕು. ತರುವ ಮೊದಲು ಚೆನ್ನಾಗಿ ಕೊಡವಿ, ಹುಳುಗಳು ಮನೆ ಸೇರದಿರಲಿ. ಬೆಕ್ಕು ಸಾಕಿದ್ದರೆ ಲಿಲ್ಲಿ ಹೂ ಬೇಡವೇ ಬೇಡ. ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ಪೆಟ್ಟಿಗೆಗಳನ್ನು ಇಳಿಸಿ ಎಲ್ಲವನ್ನೂ ನೆಲದ ಮೇಲೆ ಹರಡಿ. ಕಳೆದ ಎರಡು ವರ್ಷಗಳಲ್ಲಿ ಒಮ್ಮೆಯೂ ಹೊರಗೆ ಬಾರದ ವಸ್ತುವನ್ನು ಬೇಕಾದವರಿಗೆ ಕೊಟ್ಟುಬಿಡಿ. ಉಳಿದದ್ದನ್ನು ವಸ್ತುವಿನ ಬಗೆಯಂತೆ ಅಲ್ಲ, ಹೊರಗೆ ಬರುವ ಕಾಲದಂತೆ ತುಂಬಿ, ಪೆಟ್ಟಿಗೆಯ ಮೈಮೇಲೆ ಆ ವರ್ಷ ನೀವು ಜೋಡಿಸಿದ್ದರ ಫೋಟೊ ಅಂಟಿಸಿ. ಬಟ್ಟೆಯನ್ನು ಮಡಿಸುವ ಬದಲು ಸುರುಳಿ ಸುತ್ತಿ. ಮಡಿಕೆಯ ಗೆರೆಯಲ್ಲಿಯೇ ಅದು ಮೊದಲು ಹರಿಯುವುದು. ಕಾಗದದ ಚಿತ್ರಗಳನ್ನು ಅಟ್ಟಕ್ಕೆ ಹಾಕಬೇಡಿ, ಅಲ್ಲಿನ ಸೆಕೆ, ತೇವ ಎರಡೂ ಅವಕ್ಕೆ ಶತ್ರು. ರಟ್ಟಿನ ನಡುವೆ ಮಲಗಿಸಿ ಮಂಚದ ಕೆಳಗೋ ಬೀರುವಿನ ತಳದಲ್ಲೋ ಇಡಿ. ಸರಪಣಿ ದೀಪಗಳ ವೈರಿನ ಹೊದಿಕೆ ಎಲ್ಲಿಯಾದರೂ ಬಿರುಕು ಬಿಟ್ಟಿದ್ದರೆ ಟೇಪ್ ಸುತ್ತಿ ಮತ್ತೆ ಬಳಸುವುದು ಬೇಡ, ಎಸೆಯಿರಿ. ಒಂದಕ್ಕೊಂದು ಸಿಕ್ಕಿಸಿ ಉದ್ದ ಮಾಡುವಾಗ ತಯಾರಕರು ಹೇಳಿದ ಮಿತಿಯನ್ನು ಮೀರಬೇಡಿ, ಮಲಗುವ ಮೊದಲು ಆರಿಸಿ. ಮೇಣದ ಬತ್ತಿ ಹಚ್ಚುವುದಾದರೆ ಪರದೆ, ಒಣ ಎಲೆ, ಕಾಗದ ಯಾವುದೂ 30 ಸೆಂಟಿಮೀಟರ್ ಒಳಗೆ ಇರಬಾರದು.

ಮೊಳೆಯಿಲ್ಲದ ಗೋಡೆಗೆ ದಾರಿಗಳಿವೆ. ಅಂಟುಪಟ್ಟಿಯ ಕೊಕ್ಕೆಗಳು ಹಗುರ ಚೌಕಟ್ಟಿಗೆ ಸರಿ. ಗಾಜಿನ ಬದಲು ಅಕ್ರಿಲಿಕ್ ಹಾಕಿಸಿದರೆ ತೂಕ ಬಹಳ ಇಳಿಯುತ್ತದೆ. ಆದರೆ ಸುಣ್ಣ ಬಳಿದ, ಒರಟಾದ, ತೇವ ಹಿಡಿದ ಗೋಡೆಗೆ ಅಂಟು ನಿಲ್ಲುವುದಿಲ್ಲ, ಹೊಸ ಬಣ್ಣವನ್ನು ಪದರವಾಗಿ ಕಿತ್ತುಕೊಂಡು ಬರುವುದೂ ಉಂಟು. ಹಾಸಿಗೆಯ ತಲೆಯ ಕಡೆ, ಮಗು ಮಲಗುವ ಕಡೆ ಅಂಟಿನ ಮೇಲೆ ಏನನ್ನೂ ತೂಗುಹಾಕಬೇಡಿ. ಎರಡನೆಯದು, ಕಿರಿದಾದ ಕಪಾಟಿನ ಮೇಲೋ ಸೋಫಾದ ಹಿಂದಿನ ಉದ್ದ ಮೇಜಿನ ಮೇಲೋ ಚಿತ್ರಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸುವುದು. ಸರದಿ ಹಾಕಲು ಇದಕ್ಕಿಂತ ಸುಲಭ ಬೇರಿಲ್ಲ. ಜಾರದಂತೆ ತಳಕ್ಕೆ ರಬ್ಬರಿನ ತುಂಡು ಇಡಿ, ಓಡಾಡುವ ಮಕ್ಕಳಿದ್ದರೆ ಕೈಗೆಟುಕದ ಎತ್ತರದಲ್ಲಿರಲಿ. ಮೂರನೆಯದು, ಈಗಾಗಲೇ ಇರುವ ಪರದೆಯ ಸರಳಿಗೋ ಆ ಎರಡು ಮೊಳೆಗಳ ನಡುವೆ ಕಟ್ಟಿದ ಕೋಲಿಗೋ ಒಂದು ಒಳ್ಳೆಯ ನೇಯ್ಗೆಯ ಬಟ್ಟೆಯನ್ನು ಇಳಿಬಿಡುವುದು. 130 ಸೆಂಟಿಮೀಟರ್ ಅಗಲ ತುಂಬಲು ಇದು ಅತಿ ಅಗ್ಗದ ದಾರಿ. ಬಟ್ಟೆಯೂ ಬಿಸಿಲಿಗೆ ಮಾಸುತ್ತದೆ ಎಂಬುದು ನೆನಪಿರಲಿ.

ಇವೆಲ್ಲಕ್ಕಿಂತ ಮೊದಲು ಮಾಲೀಕರನ್ನು ಇನ್ನೊಮ್ಮೆ ಕೇಳಿ ನೋಡಿ, ಬೇರೆ ರೀತಿಯಲ್ಲಿ. ‘ಮೊಳೆ ಹೊಡೆಯಲೇ’ ಎಂದರೆ ಯಾರಾದರೂ ಬೇಡ ಎನ್ನುತ್ತಾರೆ. ಅವರ ಕಣ್ಣಿಗೆ ಕಾಣುವುದು ಬಾಡಿಗೆದಾರರು ಬಿಟ್ಟುಹೋದ ಹತ್ತಾರು ತೂತುಗಳು. ಛಾವಣಿಯ ಕೆಳಗೆ ಒಂದು ಅಲ್ಯೂಮಿನಿಯಂ ಪಟ್ಟಿಯನ್ನು ಸ್ಕ್ರೂಗಳಿಂದ ಕೂರಿಸಿ, ಅದರಿಂದ ತೆಳು ತಂತಿಯಲ್ಲಿ ಚಿತ್ರಗಳನ್ನು ಇಳಿಬಿಡುವ ವ್ಯವಸ್ಥೆ ಇದೆ. ಗ್ಯಾಲರಿಗಳಲ್ಲಿ ನೀವು ನೋಡಿರುವುದು ಅದನ್ನೇ. ಒಮ್ಮೆ ಕೂರಿಸಿದರೆ ಎಷ್ಟು ಸಲ ಚಿತ್ರ ಬದಲಿಸಿದರೂ ಗೋಡೆಗೆ ಇನ್ನೊಂದು ತೂತಿಲ್ಲ, ನೀವು ಮನೆ ಬಿಟ್ಟ ಮೇಲೆ ಅದು ಅವರಿಗೇ ಉಳಿಯುತ್ತದೆ. ಪಟ್ಟಿಯ ಚಿತ್ರ ತೋರಿಸಿ, ಖರ್ಚು ನಮ್ಮದು, ರಸಮಟ್ಟ ಹಿಡಿದು ಸರಿಯಾಗಿ ಕೂರಿಸುವವರನ್ನೇ ಕರೆಸುತ್ತೇವೆ ಎಂದು ಹೇಳಿ. ಒಪ್ಪಿದರೆ ಎರಡು ಸಾಲಿನಲ್ಲಿ ಬರೆಸಿಕೊಳ್ಳಿ.